ಹಿಂದಿರುಗಿ ಎನ್ನುವ ಅಧಿಕಾರ: ಪರ್ವತ ಸಂಘದಿಂದ ಸದಸ್ಯರು ಬಯಸುವುದೇನು?

ಹೊಸದುರ್ಗ ತಾಲೂಕಿನ ಮಾಡದಕೆರೆ ಸೀಮೆಯವರಿಗೆ ಗುಡ್ಡ ಹತ್ತಲು ಸಂಘ ಬೇಕಿಲ್ಲ. ಗಾಳಿಯಂತ್ರ ಹೊತ್ತ ದಿಬ್ಬಗಳಾಗಲಿ, ಮಾರಿಕಣಿವೆಯ ಇಕ್ಕೆಲದ ಬೆಟ್ಟಗಳಾಗಲಿ ದನ ಮೇಯಿಸುವವರಿಗೂ ಪರಿಚಿತ. ಹೀಗೆ ಒಬ್ಬರೇ ಹತ್ತಬಹುದಾದುದಕ್ಕೆ ಚಂದಾ ಕೊಟ್ಟು ಸದಸ್ಯರಾಗುವವರು ಏನನ್ನು ಬಯಸುತ್ತಾರೆ? ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಏಳುವುದು ಹಿಮದ ನಾಡಿನಲ್ಲಿ. ಸ್ಕೀ ಚಾರಣದಲ್ಲಿ ಮೇಲೆಳೆಯುವ ತಂತಿಯಿಲ್ಲ, ಹದಮಾಡಿದ ಇಳಿಜಾರಿಲ್ಲ. ಹಲಗೆಯ ಅಡಿಗೆ ಜಾರದ ಪಟ್ಟಿ ಅಂಟಿಸಿ ತಾನೇ ಏರಬೇಕು, ತಾನೇ ಇಳಿಯಬೇಕು. ಇಷ್ಟು ಸ್ವಾವಲಂಬಿಯಾದ ಆಟಕ್ಕೂ ಬ್ರಿಟನ್ನಿನಲ್ಲಿ 1908ರಲ್ಲಿ ಆಲ್ಪೈನ್ ಸ್ಕೀ ಕ್ಲಬ್, 1925ರಲ್ಲಿ ಈಗಲ್ ಸ್ಕೀ ಕ್ಲಬ್ ಹುಟ್ಟಿದವು. ಹಿಮ ಬೀಳದ ಕರ್ನಾಟಕದಲ್ಲಿ ಇವಕ್ಕೆ ಹತ್ತಿರದವು ಹಿಮಾಲಯಕ್ಕೆ ತಂಡ ಒಯ್ಯುವ ಪರ್ವತಾರೋಹಣ ಸಂಘಗಳು.

ಅರ್ಥಶಾಸ್ತ್ರಜ್ಞ ಜೇಮ್ಸ್ ಬುಕ್ಯಾನನ್ 1965ರಲ್ಲಿ ಮಂಡಿಸಿದ ಕ್ಲಬ್‌ಗಳ ಸಿದ್ಧಾಂತದಲ್ಲಿ ಒಂದು ಉತ್ತರವಿದೆ: ಸದಸ್ಯರು ಹೆಚ್ಚಿದಷ್ಟೂ ತಲೆಗೆ ಬೀಳುವ ವೆಚ್ಚ ಇಳಿಯುತ್ತದೆ, ನೂಕುನುಗ್ಗಲು ಏರುತ್ತದೆ, ಎರಡೂ ಸರಿದೂಗುವಲ್ಲಿ ಸಂಘದ ಗಾತ್ರ ನಿಲ್ಲುತ್ತದೆ. ಹಗ್ಗ, ಡೇರೆ, ಬೆಟ್ಟದ ತಂಗುಮನೆ ದುಬಾರಿಯಾಗಿದ್ದ ಕಾಲಕ್ಕೆ ಇದು ಸಾಕು. ಈಗ ಡೇರೆ ಬಾಡಿಗೆಗೆ ಸಿಗುತ್ತದೆ, ಹಿಮಾಲಯದ ಚಾರಣವನ್ನು ಖಾಸಗಿ ಕಂಪನಿಗಳು ಊಟ, ಅಡುಗೆಯವರ ಸಮೇತ ಮಾರುತ್ತವೆ. ದಾರಿಗೆ ಪ್ರವೇಶವೂ ಸಂಘದ ಕೈಯಲ್ಲಿಲ್ಲ: 2024ರ ಜನವರಿಯಲ್ಲಿ ಕುಮಾರಪರ್ವತದ ಮೇಲೆ ಸಾವಿರಾರು ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿಯಿತು. ಸಾಮಗ್ರಿ ಮತ್ತು ಪರವಾನಗಿಯೇ ಬಯಕೆಯಾಗಿದ್ದರೆ ಸಂಘಗಳು ಎಂದೋ ಬಾಗಿಲು ಹಾಕಬೇಕಿತ್ತು.

ಕಂಪನಿ ಮಾರಲಾಗದ್ದು ಪಳಗಿದ ಜೊತೆಗಾರ. ಹಿಮಕುಸಿತದಲ್ಲಿ ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು-ಹದಿನೈದು ನಿಮಿಷಗಳ ನಂತರ ಥಟ್ಟನೆ ಕುಸಿಯುತ್ತದೆ. ಅಷ್ಟರಲ್ಲಿ ಹೆಲಿಕಾಪ್ಟರ್ ಬಂದಿಳಿಯುವುದು ಅಪರೂಪ. ಸಂಕೇತಯಂತ್ರ ಹಿಡಿದು ಹುಡುಕಬೇಕಾದವರು, ಸಲಿಕೆಯಿಂದ ಅಗೆಯಬೇಕಾದವರು ಪಕ್ಕದಲ್ಲಿದ್ದವರೇ. ರಾಮನಗರದ ಬಂಡೆಯಲ್ಲೂ ಬಾದಾಮಿಯ ಮರಳುಗಲ್ಲಿನಲ್ಲೂ ಹಗ್ಗದ ಕೆಳತುದಿ ಹಿಡಿದವರ ಗಮನವೇ ಮೇಲಿದ್ದವರ ಆಯುಷ್ಯ. ಅಂದರೆ ನನ್ನ ಸುರಕ್ಷತೆ ನನ್ನ ತರಬೇತಿಗಿಂತ ಇನ್ನೊಬ್ಬರ ತರಬೇತಿಯಲ್ಲಿ ಅಡಗಿದೆ. ಅದನ್ನು ನಾನೊಬ್ಬನೇ ದುಡ್ಡು ಕೊಟ್ಟು ಕೊಳ್ಳಲಾರೆ. ಎಲ್ಲರೂ ಕಲಿಯುವ ಕಟ್ಟುಪಾಡಿಗೆ ನಾನೂ ಒಳಪಡಬೇಕು. ಚಿತ್ರದುರ್ಗದ ಕೋಟೆಗೋಡೆಯನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರನ್ನು ತೋರಿಸಿ ಈ ವಾದ ಸುಳ್ಳೆನ್ನಬಹುದು. ಅವರದು ಅಸಾಧಾರಣ ದೇಹದ ಮಾತು; ಸಂಘಗಳಿರುವುದು ಸಾಧಾರಣರಿಗೆ.

ಗಂಭೀರ ಆಕ್ಷೇಪ ಬೇರೆಯದು. 2024ರ ಜೂನ್‌ನಲ್ಲಿ ಉತ್ತರಕಾಶಿಯ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕ 22 ಜನರ ತಂಡದಲ್ಲಿ 9 ಮಂದಿ ಅಸುನೀಗಿದರು. ಅದು ಕರ್ನಾಟಕ ಪರ್ವತಾರೋಹಣ ಸಂಸ್ಥೆಯ ಮೂಲಕ ಹೊರಟ ತಂಡ, ಸದಸ್ಯರಲ್ಲಿ ಅನುಭವಿಗಳಿದ್ದರು. ಸಂಘ ಕಾಪಾಡದಿದ್ದರೆ ಅದರಿಂದೇನು? ತಪ್ಪು ಯಾರದೆಂದು ದೂರದಿಂದ ತೀರ್ಪು ಕೊಡುವುದು ಅಗ್ಗದ ಕೆಲಸ. ನಾಲ್ಕು ಸಾವಿರ ಮೀಟರಿನಾಚೆ ಹವೆ ಯಾರ ಮಾತನ್ನೂ ಕೇಳದು. ಸಂಘದಿಂದ ಅಪಾಯ ತಗ್ಗೀತು, ಇಲ್ಲವಾಗದು. ಆದರೆ ಆಕ್ಷೇಪ ಒಂದು ತೊಡಕನ್ನು ಬಯಲಿಗೆಳೆಯುತ್ತದೆ. ಸದಸ್ಯರಿಗೆ ಎರಡು ಮನಸ್ಸು. ಊರಿನಲ್ಲಿದ್ದಾಗ, ಅಗತ್ಯಬಿದ್ದರೆ ವಾಪಸಾಗಿ ಎನ್ನುವ ನಾಯಕ ಬೇಕು. ಶಿಖರ ಕಣ್ಣಿಗೆ ಬಿದ್ದಾಗ ಅದೇ ನಾಯಕ ಬೇಡ. ಗಿರಾಕಿಯಾಗಿ ಹೋದವರು ಕೊಟ್ಟ ಹಣದ ಲೆಕ್ಕ ಕೇಳಬಹುದು. ಸದಸ್ಯರು ಮಾತ್ರ ತಮ್ಮ ಮೊದಲ ಮನಸ್ಸು ಎರಡನೆಯದನ್ನು ಕಟ್ಟಿಹಾಕಲೆಂದು ಮುಂಚಿತವಾಗಿಯೇ ಒಪ್ಪಿ ಬಂದವರು. ಈ ಒಪ್ಪಿಗೆಯೇ ಸಂಘದಿಂದ ಅವರು ಬಯಸುವ ಮುಖ್ಯ ವಸ್ತು ಎಂಬುದು ನನ್ನ ವಾದ.

ಇಂಥ ಒಪ್ಪಿಗೆಯ ವಲಯ ಬೆಂಗಳೂರಿನ ಮಧ್ಯಮವರ್ಗಕ್ಕೆ ಸೀಮಿತವಾಗುತ್ತದೆಂಬ ದೂರಿನಲ್ಲಿ ಹುರುಳಿದೆ. ಪರಸ್ಪರ ನಂಬಿಕೆ ಬೆಳೆಯಲು ವಾರಾಂತ್ಯಗಳು ಬೇಕು, ಅವು ಎಲ್ಲರ ಪಾಲಿಗಿಲ್ಲ. ಆದರೂ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀ ಚಿನ್ನ ಗೆದ್ದಿರುವುದು ಹಿಮ ಕಾಣದ ಜಿಲ್ಲೆಯವರಿಗೂ ದಾರಿ ಮುಚ್ಚಿಲ್ಲವೆಂದು ತೋರುತ್ತದೆ. ಹೊಸದುರ್ಗದಲ್ಲೊಂದು ಸಂಘ ಕಟ್ಟುವವರು ಹಿಮಾಲಯದ ಟಿಕೆಟ್ಟಿನಿಂದ ಶುರುಮಾಡಬೇಕಿಲ್ಲ. ಚಿತ್ರದುರ್ಗದ ಬಂಡೆಯಲ್ಲಿ ಹಗ್ಗ ಹಿಡಿಯುವ ಪಾಳಿ ಯಾರದು, ತಂಡವನ್ನು ಹಿಂದಿರುಗಿಸುವ ಮಾತು ಯಾರದು ಎಂಬೆರಡನ್ನು ಮೊದಲ ಸಭೆಯ ನಡಾವಳಿಯಲ್ಲಿ ಬರೆದಿಟ್ಟುಕೊಳ್ಳಬೇಕು.