ಸ್ಪಂಜುಪ್ರಾಣಿ: ಅಧ್ಯಯನದ ಇತಿಹಾಸ

ಸ್ಪಂಜುಪ್ರಾಣಿಗಳು ಪೊರಿಫೆರ ವಂಶಕ್ಕೆ ಸೇರಿದ ಅಕಶೇರುಕಗಳು. ಬಹುಪಾಲು ಸಮುದ್ರವಾಸಿಗಳು, ಕೆಲವು ಮಾತ್ರ ಸಿಹಿನೀರಿನವು. ಬಾಯಿ, ಜಠರ, ನರ, ಸ್ನಾಯು ಯಾವುದೂ ಇವಕ್ಕಿಲ್ಲ. ಬೆಳೆದ ಪ್ರಾಣಿ ಬಂಡೆಗೋ ಚಿಪ್ಪಿಗೋ ಅಂಟಿ ಇದ್ದಲ್ಲೇ ಇರುತ್ತದೆ. ಹೀಗಾಗಿ ಇದು ಸಸ್ಯವೋ ಪ್ರಾಣಿಯೋ ಎಂಬುದು ಬಹುಕಾಲ ಬಗೆಹರಿಯಲಿಲ್ಲ.

ಕೀಳಲು ಹೋದರೆ ಸ್ಪಂಜು ಮುದುಡಿ ಬಂಡೆಯನ್ನು ಬಿಗಿಹಿಡಿಯುತ್ತದೆಂಬ ಮಾತನ್ನು ಕ್ರಿ.ಪೂ. 4ನೆಯ ಶತಮಾನದಲ್ಲಿ ಅರಿಸ್ಟಾಟಲ್ ದಾಖಲಿಸಿದ. ಟೊರೋನೆ ಎಂಬ ಊರಿನ ಜನ ಇದನ್ನು ಒಪ್ಪುವುದಿಲ್ಲವೆಂದೂ ಬರೆದ. 1765ರಲ್ಲಿ ಜಾನ್ ಎಲ್ಲಿಸ್ ಜೀವಂತ ಸ್ಪಂಜಿನ ರಂಧ್ರಗಳಲ್ಲಿ ನೀರಾಡುವುದನ್ನು ಕಂಡು ಅದು ಪ್ರಾಣಿಯೆಂದು ವಾದಿಸಿದ. ಆದರೆ ನೀರು ಒಳಹೊಕ್ಕು ಹೊರಬರುವುದು ಒಂದೇ ರಂಧ್ರದಿಂದ ಎಂದು ಅವನು ತಿಳಿದಿದ್ದ.

ಈ ತಪ್ಪನ್ನು ತಿದ್ದಿದವನು ಎಡಿನ್‌ಬರೋದ ರಾಬರ್ಟ್ ಗ್ರಾಂಟ್. 1825ರ ಸುಮಾರಿಗೆ ಸ್ಪಂಜಿನ ಸಣ್ಣ ತುಂಡೊಂದನ್ನು ಸಮುದ್ರದ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡಿದಾಗ, ದೊಡ್ಡ ರಂಧ್ರದಿಂದ ನೀರು ಕಸಕಣಗಳನ್ನು ಹೊತ್ತು ಎಡೆಬಿಡದೆ ಚಿಮ್ಮುತ್ತಿತ್ತು. ಮೈಮೇಲಿನ ಅಸಂಖ್ಯ ಕಿರುರಂಧ್ರಗಳು ನೀರು ಸೇರುವ ದಾರಿ, ದೊಡ್ಡ ರಂಧ್ರ ಹೊರಹೋಗುವ ದಾರಿ ಎಂಬುದು ಇದರಿಂದ ಖಚಿತವಾಯಿತು. ಆ ದಿನಗಳಲ್ಲಿ ಚಾರ್ಲ್ಸ್ ಡಾರ್ವಿನ್ ಗ್ರಾಂಟನೊಡನೆ ಕಡಲತೀರದಲ್ಲಿ ಜೀವಿಗಳನ್ನು ಸಂಗ್ರಹಿಸುತ್ತಿದ್ದ.

1840ರ ದಶಕದಲ್ಲಿ ಸೇನಾವೈದ್ಯ ಹೆನ್ರಿ ಜಾನ್ ಕಾರ್ಟರ್ ಬೊಂಬಾಯಿಯ ಕೆರೆಗಳ ಸಿಹಿನೀರು ಸ್ಪಂಜುಗಳನ್ನು ಅಭ್ಯಸಿಸಿದ. 1860ರ ದಶಕದಲ್ಲಿ ಅಮೆರಿಕದ ಹೆನ್ರಿ ಜೇಮ್ಸ್-ಕ್ಲಾರ್ಕ್, ಸ್ಪಂಜಿನ ಕೊರಳಪಟ್ಟಿ ಕೋಶಗಳಿಗೂ ಏಕಕೋಶಜೀವಿಗಳಾದ ಕೋಯನೊಫ್ಲ್ಯಾಜೆಲೇಟುಗಳಿಗೂ ಇರುವ ಹೋಲಿಕೆಯನ್ನು ಗುರುತಿಸಿದ. ಈ ಕೋಶಗಳ ಕಶಾಂಗಗಳ ಬಡಿತವೇ ನೀರಿನ ಹರಿವಿಗೆ ಕಾರಣ. ಹರಿವಿನಲ್ಲಿ ಬಂದ ಬ್ಯಾಕ್ಟೀರಿಯಾಗಳನ್ನು ಕೊರಳಪಟ್ಟಿ ಸೋಸಿ ಹಿಡಿಯುತ್ತದೆ.

1907ರಲ್ಲಿ ಎಚ್.ವಿ. ವಿಲ್ಸನ್ ಜೀವಂತ ಸ್ಪಂಜನ್ನು ನಯವಾದ ರೇಷ್ಮೆಬಟ್ಟೆಯಲ್ಲಿ ಹಿಂಡಿ ಬಿಡಿಕೋಶಗಳನ್ನಾಗಿ ಮಾಡಿದ. ಅವು ತೆವಳಿ, ಗುಂಪುಗೂಡಿ, ಮತ್ತೆ ಸ್ಪಂಜಾಗಿ ಬೆಳೆದವು. ಕೋಶಗಳು ಒಂದನ್ನೊಂದು ಗುರುತಿಸುವ ಬಗೆಯ ಅಧ್ಯಯನಕ್ಕೆ ಇದು ಬುನಾದಿಯಾಯಿತು.

ಓಡಿ ಪಾರಾಗಲಾರದ ಸ್ಪಂಜುಗಳಲ್ಲಿ ರಾಸಾಯನಿಕ ರಕ್ಷಣೆ ಹೇರಳ. 1950ರ ದಶಕದ ಆರಂಭದಲ್ಲಿ ವರ್ನರ್ ಬರ್ಗ್‌ಮನ್ ಫ್ಲಾರಿಡಾ ಕಡಲಿನ ಸ್ಪಂಜಿನಿಂದ ಬೇರ್ಪಡಿಸಿದ ಅಪರೂಪದ ನ್ಯೂಕ್ಲಿಯೊಸೈಡುಗಳ ಜಾಡು ಹಿಡಿದು ರಕ್ತಕ್ಯಾನ್ಸರಿನ ಔಷಧ ಸೈಟರಬಿನ್ ರೂಪುಗೊಂಡಿತು. ಸ್ಪಂಜುಗಳೆಲ್ಲ ನೀರು ಸೋಸಿಯೇ ಬದುಕುತ್ತವೆಂಬ ನಂಬಿಕೆಯೂ ಉಳಿಯಲಿಲ್ಲ: ಚಿಕ್ಕ ಕಠಿಣಚರ್ಮಿಗಳನ್ನು ಹಿಡಿದು ತಿನ್ನುವ ಸ್ಪಂಜು ಮೆಡಿಟರೇನಿಯನ್ ಸಮುದ್ರದ ಗುಹೆಯೊಂದರಲ್ಲಿ ಇರುವುದು 1995ರಲ್ಲಿ ವರದಿಯಾಯಿತು.

2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಆಂಫಿಮೆಡಾನ್ ಸ್ಪಂಜಿನ ಜೀನೋಮಿನಲ್ಲಿ, ನರಗಳಿಲ್ಲದಿದ್ದರೂ ನರಸಂಧಿಗೆ ಸಂಬಂಧಿಸಿದ ಅನೇಕ ಜೀನುಗಳು ಕಂಡುಬಂದವು. ಪ್ರಾಣಿಕುಲದಿಂದ ಮೊದಲು ಕವಲೊಡೆದದ್ದು ಸ್ಪಂಜುಗಳೋ ಬಾಚಣಿಗೆ ಜೆಲ್ಲಿಗಳೋ ಎಂಬ ಚರ್ಚೆ ಇನ್ನೂ ನಡೆದಿದೆ.