ಲಂಬಾಣಿ ತಾಂಡಾ
ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು–ಜವಳಗೇರಾ ಸೀಮೆಯ ಲಂಬಾಣಿಗಳ ನೆಲೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನ್ನಿನ ಸೈನ್ಯಗಳಿಗೂ ಸಂತೆಗಳಿಗೂ ಒದಗಿಸುತ್ತಿದ್ದ ಇವರ ಕಸುಬನ್ನು 19ನೆಯ ಶತಮಾನದಲ್ಲಿ ರೈಲು ಕಸಿದುಕೊಂಡಿತು. ಆಮೇಲೆ ಒಕ್ಕಲುತನಕ್ಕೂ ಕೂಲಿಗೂ ಇಳಿದರು. ಆದರೂ ತಾಂಡಾದ ಮುಖಂಡರಾದ ನಾಯಕ–ಕಾರಭಾರಿಗಳ ಪಂಚಾಯ್ತಿ, ತಮ್ಮ ಗೋರಬೋಲಿ ಮಾತು, ಸಂತ ಸೇವಾಲಾಲರ ಭಕ್ತಿಯನ್ನು ಬಿಟ್ಟುಕೊಡಲಿಲ್ಲ. ಸುಗ್ಗಿ ಮುಗಿದೊಡನೆ ಪುಣೆ, ಬೆಂಗಳೂರಿಗೆ ಗುಳೆ ಹೋಗುವುದನ್ನು ಕಂಡು ತಾಂಡಾ ಒಡೆಯುತ್ತಿದೆ ಎನ್ನುವವರಿದ್ದಾರೆ. ಈ ಮಾತು ಅರ್ಧ ಸತ್ಯ. ಹೋದವರು ಹೋಳಿ, ದೀಪಾವಳಿಗೆ ತಿರುಗಿ ಬರುವುದು ತಾಂಡಾಕ್ಕೇ. ಮಳೆಯನ್ನೇ ನಂಬಿದ ಹೊಲದವರ ಮನೆಗಳು ನಿಂತಿರುವುದೂ ಹೊರಗಿನ ಕೂಲಿಯಿಂದಲೇ. ಆದರೆ ಈ ಗುಳೆಗೆ ಬೆಲೆ ತೆರುತ್ತಿರುವುದು ಮಕ್ಕಳ ಓದು. ಆದ್ದರಿಂದ ಇದನ್ನು ಹೊಂದಾಣಿಕೆ ಎಂದು ಹೊಗಳಿ ಸುಮ್ಮನಾಗುವುದು ಅನ್ಯಾಯ. ನೆಲದ ಹಕ್ಕಿನಲ್ಲೂ ಅನ್ಯಾಯವಿತ್ತು: ಬಹುಕಾಲ ಅನೇಕ ತಾಂಡಾಗಳು ಕಂದಾಯ ಗ್ರಾಮಗಳಾಗಿರಲಿಲ್ಲ, ವಾಸದ ಮನೆಗೂ ದಾಖಲೆಯಿರಲಿಲ್ಲ. 2023ರ ಜನವರಿ 19ರಂದು ರಾಯಚೂರು ಸೇರಿ ಐದು ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ವಿತರಣೆ ಆರಂಭವಾಯಿತು.