ಬೆಳಗುವ ರಂಗು

ರಂಗು: ಬೀದರ, ಭಾಲ್ಕಿ, ಔರಾದಗಳಲ್ಲಿ ಹೋಳಿಯ ಓಕುಳಿಗೂ ಸೀರೆಯ ಬಣ್ಣಕ್ಕೂ ಸಲ್ಲುವ ಈ ಶಬ್ದವು ಸಂಸ್ಕೃತದ ‘ರಂಜ್’ ಧಾತುವಿನಿಂದ ಹುಟ್ಟಿ, ರಾಗ, ರಕ್ತ, ರಂಜನೆಗಳ ಕುಲಕ್ಕೆ ಸೇರಿದುದು, ಮರಾಠಿಗೂ ಅದು ‘ರಂಗ’ವೇ. ಪಾರಸಿಯ ‘ರಂಗ್’ ಇದರ ಸಗೋತ್ರವಾಗಿದ್ದು, ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಬೀದರ ಕೋಟೆಯ ರಂಗೀನ್ ಮಹಲಿನ ಹೆಸರಿನಲ್ಲಿ ಇಂದಿಗೂ ನಿಂತಿದೆ.

ಇದೇ ಶಬ್ದವು ಪ್ರಯೋಗಾಲಯದ ರಂಗಿಗೂ ಸಲ್ಲುತ್ತದೆ; ಆದರೆ ಸೂಕ್ಷ್ಮದರ್ಶಕದ ಪ್ರತಿದೀಪ್ತ ರಂಗನ್ನು ಬರಿಯ ಬಣ್ಣವೆಂದು ಕರೆಯುವುದು ನನಗೆ ಸಮ್ಮತವಲ್ಲ. ಏಕೆಂದರೆ ಅದು ತಾನು ಹೀರಿದ ಬೆಳಕನ್ನು ಇನ್ನೂ ದೀರ್ಘವಾದ ತರಂಗವಾಗಿ ಮರಳಿ ಸೂಸುವಂಥದು. ಕ್ಷಯದ ಕಫಪರೀಕ್ಷೆಯಲ್ಲಿ ಬಳಸುವ ಆರಮೀನ್ ಎಂಬ ಹಳದಿ ರಂಗು, ರೋಗಾಣುವಿನ ಮೇಣದಂಥ ಕವಚದ ಮೈಕೋಲಿಕ್ ಆಮ್ಲಕ್ಕೆ ಅಂಟಿಕೊಂಡು, ಗಾಜಿನ ಪಟ್ಟಿಯನ್ನು ಆಮ್ಲದಿಂದ ತೊಳೆದರೂ ಬಿಡದೆ, ನೀಲಿ ಬೆಳಕು ಬಿದ್ದೊಡನೆ ಕಗ್ಗಪ್ಪು ಹಿನ್ನೆಲೆಯಲ್ಲಿ ಆ ಅಣುಜೀವಿಗಳನ್ನು ಹೊಂಬಣ್ಣದ ಸಣ್ಣ ಕಡ್ಡಿಗಳಾಗಿ ತೋರಿಸುತ್ತದೆ.